ಇನ್ನೂರು ಪೌಂಡಿನವರ ಸಂಘ

1880ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ನಾರ್ವಾಕ್ ಎಂಬ ಕಡಲತಡಿಯ ಊರಿನಲ್ಲಿ ದಪ್ಪ ಗಂಡಸರ ಸಂಘವೊಂದು ವರ್ಷಕ್ಕೊಮ್ಮೆ ಸೇರುತ್ತಿತ್ತು. ಚಿಪ್ಪುಮೀನು ಬೇಯಿಸಿಕೊಂಡು ತಿನ್ನುವುದು, ಹರಟೆ, ಕೊನೆಗೆ ತೂಕದ ಸ್ಪರ್ಧೆ. ಒಂದು ವರ್ಷ ಒಬ್ಬ ಸದಸ್ಯ ಮುನ್ನೂರು ಪೌಂಡಾದರೂ ದಾಟುತ್ತೇನೆಂಬ ಭರವಸೆಯಲ್ಲಿ ತಕ್ಕಡಿ ಹತ್ತಿದ. ಮುಳ್ಳು 243ಕ್ಕೆ ನಿಂತಿತು, ಅಂದರೆ 110 ಕಿಲೋ. ಅವನ ಮುಖ ಬಾಡಿತು. ಪಾಪ, ಸೊರಗಿಹೋಗುತ್ತಿದ್ದಾನೆ ಎಂದು ಗೆಳೆಯರೆಲ್ಲ ಚಿಂತೆಗೆ ಬಿದ್ದರು ಎಂದು ನ್ಯೂಯಾರ್ಕಿನ ಪತ್ರಿಕೆ ಗಂಭೀರವಾಗಿಯೇ ವರದಿ ಮಾಡಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಅಮ್ಮ. ಪುಣೆಯಿಂದ ದಾವಣಗೆರೆಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಇಳಿದ ತಕ್ಷಣ, 94 ಕಿಲೋ ತೂಗುವ ಈ ದೇಹವನ್ನು ಮೇಲಿಂದ ಕೆಳಗೆ ನೋಡಿ, 'ಎಷ್ಟು ಸೊರಗಿದೀಯೋ' ಅನ್ನುವವಳು ಅವಳೊಬ್ಬಳೇ. ಅದೇ ವಾರ ಆಫೀಸಿನಿಂದ ಬರುವ ಆರೋಗ್ಯ ತಪಾಸಣೆಯ ಮಿಂಚಂಚೆ ನನ್ನನ್ನು ಬೇರೆಯೇ ಗುಂಪಿಗೆ ಸೇರಿಸಿರುತ್ತದೆ. ಒಂದೇ ಮೈ, ಎರಡು ತಕ್ಕಡಿ. ಇದೇ ಕುತೂಹಲದಿಂದ ಕಳೆದೆರಡು ವರ್ಷ ಬಿಡುವಾದಾಗಲೆಲ್ಲ ಒಂದು ವಿಚಿತ್ರ ಇತಿಹಾಸದ ಬೆನ್ನು ಹತ್ತಿದ್ದೆ. ದಪ್ಪವನ್ನು ಮೆಚ್ಚಿದವರು, ಮೆಚ್ಚುವುದಕ್ಕಾಗಿಯೇ ಸಂಘ ಕಟ್ಟಿದವರು, ತಿನ್ನುವುದರ ಬಗ್ಗೆ, ತೂಕ ಏರುವುದರ ಬಗ್ಗೆ, ಇಳಿಯುವುದರ ಬಗ್ಗೆ ಏನಂದುಕೊಂಡಿದ್ದರು? ಉತ್ತರ ನಾನು ಎಣಿಸಿದಷ್ಟು ಸರಳವಾಗಿರಲಿಲ್ಲ.

ಇಂಥ ಸಂಘಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ನ್ಯೂ ಇಂಗ್ಲೆಂಡ್ ಫ್ಯಾಟ್ ಮೆನ್ಸ್ ಕ್ಲಬ್. 1903ರಲ್ಲಿ ವರ್ಮಾಂಟ್ ರಾಜ್ಯದ ವೆಲ್ಸ್ ರಿವರ್ ಎಂಬ ಪುಟ್ಟ ಊರಿನ ಹೇಲ್ಸ್ ಟ್ಯಾವರ್ನ್ ಎಂಬ ಹೋಟೆಲಿನಲ್ಲಿ ಅದು ಹುಟ್ಟಿತು. ಸದಸ್ಯನಾಗಬೇಕಾದರೆ ಕನಿಷ್ಠ 200 ಪೌಂಡು ತೂಗಬೇಕು, ಅಂದರೆ ಸುಮಾರು 91 ಕಿಲೋ. ಒಂದು ಡಾಲರ್ ಶುಲ್ಕ ಕೊಡಬೇಕು, ಗುಟ್ಟಿನ ಕೈಕುಲುಕು ಮತ್ತು ಸಂಕೇತಪದ ಕಲಿಯಬೇಕು. (ನಾನು ಮೂರು ಕಿಲೋ ಉಳಿಸಿಕೊಂಡೇ ಪಾಸು.) ವರ್ಷಕ್ಕೆರಡು ಸಲ ಸದಸ್ಯರು ರೈಲು ಹತ್ತಿ ಬಂದು ಸೇರುತ್ತಿದ್ದರು. ಊಟವೆಂದರೆ ಒಂಬತ್ತು ಸುತ್ತಿನದು. ಚಿಪ್ಪುಮೀನು, ಕೋಳಿಯ ಸೂಪು, ಅಣಬೆಯ ಜೊತೆ ದನದ ಮಾಂಸ, ಹುರಿದ ಕೋಳಿ, ಇಡಿಯಾಗಿ ಸುಟ್ಟ ಹಂದಿಮರಿ, ಆಮೇಲೆ ಪುಡ್ಡಿಂಗು, ಕೇಕು, ಐಸ್‌ಕ್ರೀಮು, ಕಡೆಗೆ ಕಾಫಿ ಮತ್ತು ಚುಟ್ಟ. ನಡುವೆ ಓಟದ ಪಂದ್ಯ, ಕಪ್ಪೆ ಜಿಗಿತ. ಅವರ ಘೋಷವಾಕ್ಯದ ತಾತ್ಪರ್ಯ ಇಷ್ಟು: ನಾವು ದಪ್ಪಗಿದ್ದೇವೆ, ಅದರಿಂದ ಸಿಗುವ ಸುಖವನ್ನೆಲ್ಲ ಸೂರೆಗೊಳ್ಳುತ್ತಿದ್ದೇವೆ. ಉತ್ತುಂಗದಲ್ಲಿ ಹತ್ತು ಸಾವಿರ ಸದಸ್ಯರಿದ್ದರಂತೆ. ಪ್ಯಾರಿಸ್ಸಿನಲ್ಲೂ 'ನೂರು ಕಿಲೋ' ಎಂಬರ್ಥದ ಹೆಸರಿನ ಸಂಘವಿತ್ತು.

ಈ ಸಂಘಗಳನ್ನು ಬರಿಯ ತಮಾಷೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಸದಸ್ಯರು ಯಾರು ನೋಡಿ. ವ್ಯಾಪಾರಿಗಳು, ಬ್ಯಾಂಕಿನವರು, ರಾಜಕಾರಣಿಗಳು. ಅಂದಿನ ಅಮೆರಿಕದಲ್ಲಿ ಬೊಜ್ಜು ಎಂದರೆ ಕೂತು ಉಣ್ಣುವಷ್ಟು ಸಂಪಾದಿಸಿದ್ದೇನೆ ಎಂಬ ಸಾಕ್ಷಿಪತ್ರ. ಕ್ಲಬ್ಬು ಸಂಪರ್ಕ ಬೆಳೆಸಿಕೊಳ್ಳುವ ಜಾಗವೂ ಆಗಿತ್ತು. ನಮ್ಮ ಕಾಲದಲ್ಲಿ ಗಾಲ್ಫ್ ಮೈದಾನವಿದ್ದ ಹಾಗೆ. ಇಲ್ಲಿ ಅತಿಯಾಗಿ ತಿನ್ನುವುದು ಗುಟ್ಟಿನ ಸಂಗತಿಯಲ್ಲ, ಅದೇ ಕಾರ್ಯಕ್ರಮ. ತೂಕ ಏರಿದರೆ ಚಪ್ಪಾಳೆ, ಇಳಿದರೆ ಸಂತಾಪ, 200ಕ್ಕಿಂತ ಕೆಳಗಿಳಿದರೆ ಸದಸ್ಯತ್ವಕ್ಕೇ ಕುತ್ತು. ಇದೆಲ್ಲ ಗಂಡಸರಿಗೆ ಮಾತ್ರ. ಅದೇ ತೂಕದ ಹೆಂಗಸಿಗೆ ಆ ಕಾಲದಲ್ಲಿ ಟಿಕೆಟ್ಟು ಹಚ್ಚಿ ಜನರನ್ನು ಕರೆಯುವ ಜಾಗವೊಂದಿತ್ತು, ಸರ್ಕಸ್ಸು.

ಚಪ್ಪಾಳೆಯ ನಡುವೆಯೂ ಒಳಗೊಳಗೆ ಅಳುಕು ಶುರುವಾಗಿತ್ತು. ವಿಲಿಯಂ ಟ್ಯಾಫ್ಟ್ ಎಂಬ ದೊಡ್ಡ ಮೈಯ ರಾಜಕಾರಣಿ, 1905ರಲ್ಲಿ ಅಮೆರಿಕದ ಯುದ್ಧ ಮಂತ್ರಿಯಾಗಿದ್ದವರು, ಇಂಗ್ಲೆಂಡಿನ ಯಾರ್ಕ್-ಡೇವಿಸ್ ಎಂಬ ವೈದ್ಯರಿಗೆ ಪತ್ರ ಬರೆದು ತೂಕ ಇಳಿಸಿಕೊಡಿ ಎಂದು ಕೇಳಿಕೊಂಡರು. ಆಗ ಅವರ ತೂಕ 314 ಪೌಂಡು, 142 ಕಿಲೋ. ಏನು ತಿಂದೆ, ಎಷ್ಟು ತೂಗಿದೆ ಎಂದು ಅಟ್ಲಾಂಟಿಕ್ ದಾಟಿ ಕಾಗದಗಳು ಓಡಾಡಿದವು. ಕೆಲವೇ ತಿಂಗಳಲ್ಲಿ 255ಕ್ಕೆ ಇಳಿದರು. 1909ರಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸುವ ಹೊತ್ತಿಗೆ 350 ದಾಟಿದ್ದರು. ಡಯಟ್ಟು ಮಾಡಿದ ಯಾರಿಗೂ ಈ ಏರಿಳಿತದ ಕತೆ ಹೊಸದಲ್ಲ.

ಕ್ಲಬ್ಬುಗಳನ್ನು ಕೊಂದದ್ದು ವೈದ್ಯರಿಗಿಂತ ಹೆಚ್ಚಾಗಿ ಲೆಕ್ಕಿಗರು ಎಂದು ನನಗೆ ಅನ್ನಿಸುತ್ತದೆ. ಜೀವವಿಮಾ ಕಂಪನಿಗಳು ತಮ್ಮ ಪಾಲಿಸಿದಾರರ ಸಾವನ್ನು ತೂಕದ ಜೊತೆ ತಾಳೆ ಹಾಕತೊಡಗಿದವು. 1912ರಲ್ಲಿ ಹಲವು ಕಂಪನಿಗಳು ಸೇರಿ ನಡೆಸಿದ ಗಣಿಕೆಯ ಫಲಿತಾಂಶ ಹೊರಬಂತು. ದಪ್ಪಗಿರುವ ನಡುವಯಸ್ಕ ಬೇಗ ಸಾಯುತ್ತಾನೆ, ಕಂಪನಿಗೆ ನಷ್ಟ. ಬ್ಯಾಂಕಿನವನಿಗೆ ಈ ಭಾಷೆ ಚೆನ್ನಾಗಿ ಅರ್ಥವಾಗುತ್ತದಲ್ಲ! ಹೊಟ್ಟೆ ಆಸ್ತಿಯ ಪಟ್ಟಿಯಿಂದ ಸಾಲದ ಪಟ್ಟಿಗೆ ಹೋಯಿತು. ಮೇಲಿಂದ ಮೊದಲ ಮಹಾಯುದ್ಧ ಬಂತು. ಲೂಲು ಹಂಟ್ ಪೀಟರ್ಸ್ ಎಂಬ ವೈದ್ಯೆ 1918ರಲ್ಲಿ ಬರೆದ ಪುಸ್ತಕ ಕ್ಯಾಲೊರಿ ಎಣಿಸುವುದನ್ನು ಮನೆಮನೆಗೆ ಕಲಿಸಿತು. ಆ ಪದವನ್ನು ಹೇಗೆ ಉಚ್ಚರಿಸಬೇಕೆಂದೂ ಆಕೆ ಹೇಳಿಕೊಡಬೇಕಿತ್ತು, ಅಷ್ಟು ಹೊಸತು. ಯುದ್ಧಕಾಲದಲ್ಲಿ ಮೈಯಲ್ಲಿ ಕೊಬ್ಬು ಇಟ್ಟುಕೊಳ್ಳುವುದು ದಿನಸಿ ಬಚ್ಚಿಟ್ಟ ಹಾಗೆ, ದೇಶದ್ರೋಹ ಎನ್ನುವುದು ಆಕೆಯ ವಾದ. 1924ರಲ್ಲಿ ನ್ಯೂ ಇಂಗ್ಲೆಂಡ್ ಕ್ಲಬ್ಬಿನ ಸಭೆಗೆ ಬಂದವರು 38 ಜನ. ಅವರಲ್ಲಿ ಒಬ್ಬರೂ 200 ಪೌಂಡು ತೂಗಲಿಲ್ಲವಂತೆ. ಕ್ಲಬ್ಬು ಅಲ್ಲಿಗೆ ಮುಗಿಯಿತು.

ವಿಮೆಯವರ ಕೋಷ್ಟಕದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಇದು ನನ್ನ ಕಸುಬಿಗೆ ಹತ್ತಿರದ ವಿಷಯ. 1940ರ ದಶಕದ ಆರಂಭದಲ್ಲಿ ಮೆಟ್ರೊಪಾಲಿಟನ್ ಲೈಫ್ ಕಂಪನಿ 'ಆದರ್ಶ ತೂಕ'ದ ಕೋಷ್ಟಕ ಪ್ರಕಟಿಸಿತು. ಎತ್ತರಕ್ಕೆ ಎದುರಾಗಿ ತೂಕ, ಅದರಲ್ಲೂ ಸಣ್ಣ, ಮಧ್ಯಮ, ದೊಡ್ಡ ಎಲುಬಿನ ಹಂದರಕ್ಕೆ ಬೇರೆ ಬೇರೆ. ಆದರೆ ಯಾರ ಹಂದರ ಯಾವುದು ಎಂದು ಅಳೆಯುವ ವಿಧಾನವನ್ನೇ ಕೊಡಲಿಲ್ಲ. ಅಳತೆಗೋಲಿಲ್ಲದ ಅಂಕಣವನ್ನು ನನ್ನ ತಂಡದ ಯಾರಾದರೂ ವರದಿಯಲ್ಲಿ ಹಾಕಿದರೆ ವಾಪಸು ಕಳಿಸುತ್ತೇನೆ. ಆ ಕೋಷ್ಟಕ ಮಾತ್ರ ದಶಕಗಳ ಕಾಲ ವೈದ್ಯರ ಗೋಡೆಯ ಮೇಲೆ ನೇತಾಡಿತು. ನಮ್ಮ ಆಫೀಸುಗಳನ್ನು ಈಗ ಆಳುವ ಬಿಎಂಐ ಅದರ ಸೋದರ. 19ನೇ ಶತಮಾನದಲ್ಲಿ ಕೆಟ್ಲೆ ಎಂಬ ಬೆಲ್ಜಿಯಂನ ಗಣಿತಜ್ಞ ಜನಸಮೂಹದ ಸರಾಸರಿ ತಿಳಿಯಲು ಬಳಸಿದ ಸೂತ್ರಕ್ಕೆ 1972ರಲ್ಲಿ ಆನ್ಸೆಲ್ ಕೀಸ್ ಈ ಹೆಸರಿಟ್ಟರು.

ಹೀಗೆ ನಲವತ್ತು ವರ್ಷ ದಪ್ಪವನ್ನು ಹೊಗಳುವ ದನಿ ಬಹಿರಂಗದಲ್ಲಿ ಕೇಳಲಿಲ್ಲ. ಮತ್ತೆ ಕೇಳಿದ್ದು 1967ರ ಬೇಸಿಗೆಯಲ್ಲಿ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ. ಸ್ಟೀವ್ ಪೋಸ್ಟ್ ಎಂಬ ರೇಡಿಯೊ ನಿರೂಪಕನ ಕರೆಗೆ ಸುಮಾರು 500 ಜನ ಸೇರಿ, ಕಡ್ಡಿಯಂತಿದ್ದ ರೂಪದರ್ಶಿ ಟ್ವಿಗ್ಗಿಯ ಚಿತ್ರವನ್ನೂ ಡಯಟ್ ಪುಸ್ತಕಗಳನ್ನೂ ಸುಟ್ಟು, ಐಸ್‌ಕ್ರೀಮು ತಿಂದು ಹೋದರು. ಅದೇ ವರ್ಷ ನವೆಂಬರಿನಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಲೂ ಲೌಡರ್‌ಬ್ಯಾಕ್ ಎಂಬ ಲೇಖಕ ದಪ್ಪ ಜನರ ಪರವಾಗಿ ಲೇಖನ ಬರೆದ. ಅವನ ಸಿಟ್ಟಿಗೆ ಕಾರಣ ದಪ್ಪಗಿದ್ದ ತನ್ನ ಹೆಂಡತಿಯನ್ನು ಜನ ನಡೆಸಿಕೊಳ್ಳುತ್ತಿದ್ದ ರೀತಿ. ಆ ಲೇಖನ ಬಿಲ್ ಫೇಬ್ರಿ ಎಂಬ ಯುವಕನ ಕೈಗೆ ಸಿಕ್ಕಿತು. ಅವನೊಬ್ಬ ಎಂಜಿನಿಯರ್, ಅವನ ಹೆಂಡತಿಯೂ ದಪ್ಪ, ಅವನಿಗೆ ಇಷ್ಟವಾಗುತ್ತಿದ್ದುದೂ ದಪ್ಪ ಹೆಂಗಸರೇ. ಲೇಖನದ ಪ್ರತಿಗಳನ್ನು ಮಾಡಿಸಿ ಹಂಚಿದ. 1969ರಲ್ಲಿ ಒಂದು ಸಂಘ ಕಟ್ಟಿದ. ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ನಾಫಾ ಅನ್ನುತ್ತಾರೆ. ದಪ್ಪ ಅಮೆರಿಕನ್ನರಿಗೆ ನೆರವಾಗುವ ಸಂಘ ಎಂಬ ಮೊದಲ ಹೆಸರು, ಮುಂದೆ ದಪ್ಪದ ಸ್ವೀಕಾರವನ್ನು ಮುನ್ನಡೆಸುವ ಸಂಘ ಎಂದಾಯಿತು.

ಇಲ್ಲಿಯೇ ಇತಿಹಾಸ ತಿರುವು ತೆಗೆದುಕೊಳ್ಳುವುದು. ಹಳೆಯ ಕ್ಲಬ್ಬು ಕಟ್ಟಿದವರು ತಾವೇ ದಪ್ಪಗಿದ್ದರು, ತಮ್ಮನ್ನು ತಾವೇ ಮೆಚ್ಚಿಕೊಂಡಿದ್ದರು. ಹೊಸ ಚಳವಳಿಗೆ ಕಿಡಿ ಹಚ್ಚಿದವರು ದಪ್ಪ ಹೆಂಗಸರ ಗಂಡಂದಿರು. ಮೆಚ್ಚುವವನು ಒಬ್ಬ, ತೂಕ ಹೊರುವವಳು ಇನ್ನೊಬ್ಬಳು. ನಾಫಾದ ಒಳಗೆ ಇಂಥ ಗಂಡಸರಿಗೆ 'ಫ್ಯಾಟ್ ಅಡ್ಮೈರರ್' ಎಂಬ ಹೆಸರೇ ಬಿತ್ತು. ಸಂಘ ಹಕ್ಕಿನ ಮಾತಾಡುತ್ತಿತ್ತು, ಜೊತೆಗೆ ನೃತ್ಯಕೂಟ, ಸಮ್ಮೇಳನ, ಪತ್ರಮೈತ್ರಿಯನ್ನೂ ನಡೆಸುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನನ್ನು ಕುಣಿಯಲು ಕರೆದರು ಎನ್ನುವ ಹೆಂಗಸಿಗೆ ಅದು ಸಣ್ಣ ಸಂಗತಿಯಲ್ಲ. ಇದು ಹೋರಾಟವೋ, ವಧೂವರರ ಕೂಟವೋ ಎಂಬ ಜಗಳ ಮಾತ್ರ ಸಂಘವನ್ನು ಬಹುಕಾಲ ಕಾಡಿತು.

ಈ ಹೊಸಬರು ಊಟದ ಬಗ್ಗೆ ಏನಂದರು? ಕ್ಲಬ್ಬಿನವರಂತೆ ಒಂಬತ್ತು ಸುತ್ತಿನ ಊಟವನ್ನು ಮೆರೆಸಿದರೇ? ಇಲ್ಲ. ಅವರ ಮುಖ್ಯ ವಾದವೇ ದಪ್ಪಗಿರುವವರು ಬೇರೆಯವರಿಗಿಂತ ಹೆಚ್ಚೇನೂ ತಿನ್ನುವುದಿಲ್ಲ ಎನ್ನುವುದು. 1903ರಲ್ಲಿ ಹೆಮ್ಮೆಯಾಗಿದ್ದ ಊಟ 1970ರ ಹೊತ್ತಿಗೆ ಆರೋಪವಾಗಿತ್ತು. ಆರೋಪಿ ಅದನ್ನು ಅಲ್ಲಗಳೆಯಲೇಬೇಕಿತ್ತು. ಇದು ನನಗೆ ಅರ್ಥವಾಗುವುದು ನಮ್ಮ ತಂಡದ ಒಬ್ಬ ಹುಡುಗನಿಂದ. ಕ್ಯಾಂಟೀನಿನಲ್ಲಿ ಎಲ್ಲರ ಎದುರು ಅವನದು ಸೌತೆಕಾಯಿ, ಮೊಳಕೆಕಾಳು. 'ಇಷ್ಟೇ ತಿಂದೂ ಹಿಂಗಿದೀಯಾ' ಎಂದು ಅದಕ್ಕೂ ನಗುತ್ತಾರೆ. ಒಮ್ಮೆ ಕೆಳಮಹಡಿಯ ಪಾರ್ಕಿಂಗಿನಲ್ಲಿ ಕಾರಿನೊಳಗೆ ಒಬ್ಬನೇ ಕೂತು ವಡಾಪಾವ್ ತಿನ್ನುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ನಾನು ನೋಡಲಿಲ್ಲವೆಂಬಂತೆ ಲಿಫ್ಟಿನ ಕಡೆ ನಡೆದೆ. ಹೆಚ್ಚು ತಿನ್ನುವುದಿಲ್ಲ ಎಂದು ದಿನವೂ ಸಾಬೀತು ಮಾಡುತ್ತಿರಬೇಕಾದವನಿಗೆ ಹಸಿವಾಗಿದೆ ಎಂದು ಹೇಳುವ ಹಕ್ಕೂ ಉಳಿಯುವುದಿಲ್ಲ.

ತೂಕ ಇಳಿಸುವುದರ ಮೇಲೆ ನಿಜವಾದ ಯುದ್ಧ ಸಾರಿದವರು ಲಾಸ್ ಏಂಜಲೀಸಿನ ಹೆಂಗಸರು. ನಾಫಾದ ಅಲ್ಲಿನ ಶಾಖೆಯಲ್ಲಿದ್ದ ಕೆಲವರು 1970ರ ದಶಕದ ಮೊದಲಲ್ಲಿ 'ಫ್ಯಾಟ್ ಅಂಡರ್‌ಗ್ರೌಂಡ್' ಎಂಬ ಗುಂಪು ಕಟ್ಟಿದರು. ಜೂಡಿ ಫ್ರೀಸ್ಪಿರಿಟ್ ಮತ್ತು ಆಲ್ಡೆಬರನ್ ಅದರ ಮುಂದಾಳುಗಳು. ಸ್ವಲ್ಪ ಮೆತ್ತಗೆ ಮಾತಾಡಿ ಎಂದು ಕೇಂದ್ರ ಸಂಘ ಹೇಳಿದಾಗ ಬೇರೆಯಾದರು. 1973ರ ನವೆಂಬರಿನಲ್ಲಿ ಅವರು ಹೊರಡಿಸಿದ ಪ್ರಣಾಳಿಕೆ ಮಾರ್ಕ್ಸನ ಪ್ರಣಾಳಿಕೆಯ ಧಾಟಿಯಲ್ಲಿಯೇ ಮುಗಿಯುತ್ತದೆ. ಅದರಲ್ಲಿ ಶತ್ರು ಎಂದು ಹೆಸರಿಸಿದ್ದು ತೂಕ ಇಳಿಸುವ ಉದ್ಯಮವನ್ನು: ಡಯಟ್ ಪುಸ್ತಕ, ಮಾತ್ರೆ, ಶಸ್ತ್ರಚಿಕಿತ್ಸೆ, ಸಪೂರ ಮಾಡುವ ಕ್ಲಬ್ಬು ಎಲ್ಲವನ್ನೂ.

ಇವರು ಬರೀ ಘೋಷಣೆ ಕೂಗುವವರಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ವೈದ್ಯಕೀಯ ಗ್ರಂಥಾಲಯಗಳಿಗೆ ಹೋಗಿ ಮೂಲ ಪ್ರಬಂಧಗಳನ್ನೇ ಓದಿದರು. ಅಂಥ ಪ್ರಬಂಧಗಳಲ್ಲಿ ಹೆಸರಾದದ್ದು 1959ರಲ್ಲಿ ಸ್ಟಂಕರ್ಡ್ ಮತ್ತು ಮೆಕ್ಲಾರೆನ್-ಹ್ಯೂಮ್ ಪ್ರಕಟಿಸಿದ್ದು. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ತೂಕ ಇಳಿಸಲು ಬಂದ 100 ಜನರನ್ನು ಅವರು ಹಿಂಬಾಲಿಸಿದರು. 20 ಪೌಂಡು ಇಳಿಸಿದವರು 12 ಮಂದಿ. ಎರಡು ವರ್ಷದ ನಂತರವೂ ಅದನ್ನು ಉಳಿಸಿಕೊಂಡವರು ಇಬ್ಬರು. ನೂರಕ್ಕೆ ಎರಡು! ಇಂಥ ಫಲಿತಾಂಶದ ಯಾವ ಯೋಜನೆಯನ್ನಾದರೂ ಎರಡನೇ ತಿಂಗಳಲ್ಲೇ ಮುಚ್ಚುತ್ತಾರೆ. ಡಯಟ್ಟಿನಲ್ಲಿ ಮಾತ್ರ ಯೋಜನೆ ಸೋತರೆ ತಪ್ಪು ಗಿರಾಕಿಯದು. ಇಲ್ಲದ ರೋಗಕ್ಕೆ ನಾಟದ ಮದ್ದು ಎಂಬರ್ಥದ ಮಾತನ್ನು ಅವರು ತಮ್ಮ ಘೋಷಣೆ ಮಾಡಿಕೊಂಡರು. ನಾಟದ ಮದ್ದು ಎನ್ನುವುದನ್ನು ನಾನು ಒಪ್ಪುತ್ತೇನೆ. ಇಲ್ಲದ ರೋಗ ಎನ್ನುವುದನ್ನು, ಅಪ್ಪನ ಸಕ್ಕರೆ ಕಾಯಿಲೆಯ ಕಾಲು ಬೆರಳಿಗೆ ಆರು ತಿಂಗಳು ಬ್ಯಾಂಡೇಜು ಕಟ್ಟಿದವನು ಒಪ್ಪುವುದು ಕಷ್ಟ. ಆದರೆ ಅಪ್ಪ ಎಂದೂ ದಪ್ಪಗಿರಲಿಲ್ಲ ಎನ್ನುವುದನ್ನೂ ಇಲ್ಲಿ ಬರೆಯಬೇಕು.

1974ರ ಜುಲೈನಲ್ಲಿ ಗಾಯಕಿ ಕ್ಯಾಸ್ ಎಲಿಯಟ್ ಲಂಡನ್ನಿನಲ್ಲಿ ತೀರಿಕೊಂಡಳು. ವಯಸ್ಸು 32. ಸ್ಯಾಂಡ್‌ವಿಚ್ಚು ಗಂಟಲಿಗೆ ಸಿಕ್ಕಿ ಸತ್ತಳು ಎಂಬ ಸುದ್ದಿ ಜಗತ್ತೆಲ್ಲ ಹರಡಿತು. ಶವಪರೀಕ್ಷೆಯಲ್ಲಿ ಕಂಡದ್ದು ಹೃದಯಾಘಾತ, ಶ್ವಾಸನಾಳದಲ್ಲಿ ಅನ್ನದ ಅಗುಳೂ ಇರಲಿಲ್ಲ. ಅವಳು ಹಿಂದೆ ಕಠಿಣ ಉಪವಾಸಗಳಿಂದ ತೂಕ ಇಳಿಸಿದ್ದವಳು. ಉಪವಾಸ ಮಾಡಿದವಳ ಸಾವಿಗೂ ಜನ ತಿಂಡಿಯನ್ನೇ ಕಾರಣ ಮಾಡಿದರು. ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ಮಹಿಳಾ ಸಮಾನತಾ ದಿನದಂದು ಫ್ಯಾಟ್ ಅಂಡರ್‌ಗ್ರೌಂಡಿನವರು ವೇದಿಕೆ ಹತ್ತಿ ಅವಳಿಗಾಗಿ ಶೋಕ ಆಚರಿಸಿದರು, ಅವಳನ್ನು ಕೊಂದದ್ದು ವೈದ್ಯಲೋಕ ಎಂದು ಆಪಾದಿಸಿದರು. ಆಪಾದನೆಗೆ ಆಧಾರ ಸಾಲದು ಎನ್ನಬಹುದು. ಸ್ಯಾಂಡ್‌ವಿಚ್ಚಿನ ಕತೆಗಂತೂ ಯಾವ ಆಧಾರವೂ ಇರಲಿಲ್ಲ, ಆದರೂ ಇವತ್ತಿಗೂ ಬದುಕಿದೆ.

ಡಯಟ್ಟಿನ ವಿರುದ್ಧ ಇಷ್ಟು ಒಗ್ಗಟ್ಟಾದವರಿಗೆ ಇನ್ನೊಂದು ಕಡೆಯಿಂದ ಪ್ರಶ್ನೆ ಬಂತು. ದಪ್ಪವನ್ನು ಮೆಚ್ಚುವ ಗಂಡಸರಲ್ಲಿ ಒಂದು ಸಣ್ಣ ಗುಂಪಿಗೆ ಇದ್ದ ದಪ್ಪ ಸಾಲುತ್ತಿರಲಿಲ್ಲ. ಸಂಗಾತಿಗೆ ಉಣಿಸಿ ಉಣಿಸಿ ಇನ್ನೂ ತೂಕ ಏರಿಸುವುದರಲ್ಲೇ ಅವರಿಗೆ ಸುಖ. ಇಂಥವರಿಗೆ 'ಫೀಡರ್' ಎಂಬ ಹೆಸರು ಬಂತು. ಇನ್ನು ಕೆಲವರು ತಮ್ಮ ಇಚ್ಛೆಯಿಂದಲೇ ತಮ್ಮ ತೂಕ ಏರಿಸಿಕೊಳ್ಳುವವರು. ನಾಫಾ ಬಿಕ್ಕಟ್ಟಿಗೆ ಸಿಕ್ಕಿತು. ನನ್ನ ಮೈ ನನ್ನ ಆಯ್ಕೆ ಎಂದವರು ಇದನ್ನು ಬೇಡವೆನ್ನುವುದು ಹೇಗೆ? ತಿನ್ನುವುದಕ್ಕೂ ದಪ್ಪಕ್ಕೂ ಸಂಬಂಧವಿಲ್ಲ ಎಂದು ವಾದಿಸುತ್ತಿದ್ದವರ ನಡುವೆಯೇ, ಇದೆ, ನಾನು ಉಣಿಸಿ ತೋರಿಸುತ್ತೇನೆ ಅನ್ನುವವನು ಎದ್ದು ನಿಂತರೆ?

ಸಂಘದ ಲಿಖಿತ ನಿಲುವು ನನಗೆ ಮೆಚ್ಚುಗೆಯಾಯಿತು. ತನ್ನ ಮೈಯ ಬಗ್ಗೆ ತೀರ್ಮಾನಿಸುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಅದು ಒಪ್ಪಿಕೊಂಡಿತು. ಆದರೆ ಸಂಗಾತಿಯ ತೂಕ ಏರಲಿ ಎಂದು ನಿರೀಕ್ಷಿಸಿ ಒತ್ತಾಯಿಸುವುದನ್ನು ವಿರೋಧಿಸಿತು. ಇನ್ನೊಬ್ಬರ ಮೆಚ್ಚುಗೆಗಾಗಿ ತೂಕ ಇಳಿಸುವುದೂ ಬೇಡ, ಏರಿಸುವುದೂ ಬೇಡ ಎಂದಿತು. ಸಪೂರಾಗು ಎನ್ನುವ ಗಂಡನನ್ನೂ ಇನ್ನೂ ಉಬ್ಬು ಎನ್ನುವ ಗಂಡನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ ಈ ಮಾತು ಸುಮ್ಮನೆ ಬರಲಿಲ್ಲ. 1983ರಲ್ಲಿ ಸಂಘದೊಳಗೆ ಸ್ತ್ರೀವಾದಿ ಬಣವೊಂದು ರೂಪುಗೊಂಡಿತ್ತು. ಮೆಚ್ಚುವ ಗಂಡಸರ ಕಣ್ಣಿನಲ್ಲಿ ಚೆಂದ ಕಾಣುವುದಷ್ಟೇ ನಮ್ಮ ಬಿಡುಗಡೆಯೇ ಎಂಬ ಅಸಮಾಧಾನ ಬಹಳ ದಿನದಿಂದ ಬೇಯುತ್ತಿತ್ತು. ಯಾಕೆಂದರೆ ಮೆಚ್ಚುಗೆಯಲ್ಲೂ ಒಂದು ತಕ್ಕಡಿ ಇದೆ. ಮಂಡಿ ನೋವಿಗೋ, ಬಸಿರಿಗೋ, ತನ್ನಿಷ್ಟಕ್ಕೋ ಇಪ್ಪತ್ತು ಕಿಲೋ ಇಳಿಸಿದ ಹೆಂಗಸು ಅವನಿಗೆ ಇನ್ನೂ ಬೇಕಾಗುತ್ತಾಳೆಯೇ? ಅವಳು ಗೆಳತಿಯರ ನಡುವೆಯೂ ಪಕ್ಷ ಬಿಟ್ಟವಳಾಗುತ್ತಾಳೆಯೇ? ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನು ಖಂಡಿಸಿದ್ದ ಸಂಘದಲ್ಲಿ, ಆ ಚಿಕಿತ್ಸೆ ಮಾಡಿಸಿಕೊಂಡ ಸದಸ್ಯೆಯ ಜಾಗ ಎಲ್ಲಿ? ನಾರ್ವಾಕಿನ ಆ 243 ಪೌಂಡಿನವನಿಗೆ ಗೆಳೆಯರ ಕನಿಕರವಾದರೂ ಸಿಕ್ಕಿತ್ತು.

ಈಗ ವಾರಕ್ಕೊಂದು ಚುಚ್ಚುಮದ್ದಿನಿಂದ ತೂಕ ಇಳಿಯುವ ಕಾಲ. ಅಮೆರಿಕದಲ್ಲಿ 2021ರಲ್ಲಿ, ನಮ್ಮಲ್ಲಿ 2025ರಲ್ಲಿ ಈ ಮದ್ದುಗಳು ತೂಕ ಇಳಿಸಲೆಂದೇ ಮಾರುಕಟ್ಟೆಗೆ ಬಂದವು. ಚುಚ್ಚುಮದ್ದು ಹಸಿವನ್ನೇ ತಗ್ಗಿಸುತ್ತದೆ, ನಿಲ್ಲಿಸಿದರೆ ತೂಕ ಬಹುಪಾಲು ಮರಳುತ್ತದೆ. ದಪ್ಪ ಎನ್ನುವುದು ಮನೋಬಲದ ಕೊರತೆಯಲ್ಲ ಎಂದು ಲಾಸ್ ಏಂಜಲೀಸಿನ ಹೆಂಗಸರು ಐವತ್ತು ವರ್ಷ ಹಿಂದೆ ಕೂಗಿದ್ದು, ಅವರ ಶತ್ರುವೇ ತಯಾರಿಸಿದ ಔಷಧಿಯಿಂದ ಅರ್ಧ ಸಾಬೀತಾದಂತಾಯಿತು. ಇದನ್ನು ಅವರು ಗೆಲುವೆಂದು ಎಣಿಸುತ್ತಿದ್ದರೋ ಇಲ್ಲವೋ.

2023ರ ಮೇ 26ರಂದು ನ್ಯೂಯಾರ್ಕ್ ನಗರದ ಮೇಯರ್ ಎರಿಕ್ ಆಡಮ್ಸ್ ಒಂದು ಕಾನೂನಿಗೆ ಸಹಿ ಹಾಕಿದರು. ಕೆಲಸ ಕೊಡುವಾಗ, ಮನೆ ಬಾಡಿಗೆಗೆ ಕೊಡುವಾಗ, ಸಾರ್ವಜನಿಕ ಸ್ಥಳಗಳಲ್ಲಿ ಯಾರನ್ನೂ ಎತ್ತರ ಅಥವಾ ತೂಕದ ಕಾರಣಕ್ಕೆ ತಾರತಮ್ಯದಿಂದ ಕಾಣುವಂತಿಲ್ಲ. ಮಿಶಿಗನ್ ರಾಜ್ಯ ಇಂಥದ್ದನ್ನು 1976ರಲ್ಲೇ ಮಾಡಿತ್ತು. ನ್ಯೂಯಾರ್ಕಿನ ಕಾನೂನಿಗಾಗಿ ಓಡಾಡಿದವರಲ್ಲಿ ನಾಫಾ ಮುಂದಿತ್ತು. ಸಹಿ ಹಾಕಿದ ಆಡಮ್ಸ್ ಸ್ವತಃ ಸಸ್ಯಾಹಾರಕ್ಕೆ ಹೊರಳಿ 35 ಪೌಂಡು ತೂಕ ಇಳಿಸಿ, ಅದರ ಬಗ್ಗೆ ಪುಸ್ತಕ ಬರೆದವರು. ಹಳೆಯ ಕ್ಲಬ್ಬಾಗಿದ್ದರೆ ಅವರನ್ನು ಬಾಗಿಲಲ್ಲೇ ತೂಗಿ ವಾಪಸು ಕಳಿಸುತ್ತಿತ್ತು. ಈ ಸಲ ಯಾರೂ ತಕ್ಕಡಿ ತರಲಿಲ್ಲ. ಕಾನೂನು ಅದೇ ವರ್ಷ ನವೆಂಬರಿನಲ್ಲಿ ಜಾರಿಗೆ ಬಂತು.